ಚಳಿಗಾಲದಲ್ಲಿ ರೈಲು ಹಳಿ ತುಂಡಾದರೆ ಅದು ಸಂಚೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ತುಂಡಾದ ರೈಲು ಹಳಿಯ ಫೋಟೊ. ಕೆಳಗೆ "ಯಾರೋ ಬೇಕೆಂದೇ ಕತ್ತರಿಸಿದ್ದಾರೆ, ಎಲ್ಲರಿಗೂ ಶೇರ್ ಮಾಡಿ" ಎಂಬ ಸಾಲು. ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬರಬಹುದು. ಯಾರೂ ಮುಟ್ಟದೆ ಹಳಿ ತಾನಾಗಿಯೇ ತುಂಡಾಗಲು ಸಾಧ್ಯವೇ? ಸಾಧ್ಯ. ಹೇಗೆಂದು ನೋಡೋಣ.

ಚಳಿಗೆ ಹಳಿ ಕುಗ್ಗುತ್ತದೆ

ಹಳಿಯ ಉಷ್ಣಾಂಶ 20 ಡಿಗ್ರಿ ಇಳಿದರೆ, 1 ಕಿಲೋಮೀಟರ್ ಉದ್ದದ ಹಳಿ ಸುಮಾರು 23 ಸೆಂಟಿಮೀಟರ್ ಕುಗ್ಗಬೇಕು. ಹಿಂದೆ ಇದಕ್ಕಾಗಿ ಹಳಿಗಳ ನಡುವೆ ಸಣ್ಣ ಸಂದು ಬಿಡುತ್ತಿದ್ದರು. ರೈಲಿನ 'ಟಕಟಕ' ಸದ್ದು ಬರುತ್ತಿದ್ದುದು ಅಲ್ಲಿಂದಲೇ. ಕೈತೋಟದಲ್ಲಿ ಆಟಿಕೆ ರೈಲು ಓಡಿಸುವ ಹವ್ಯಾಸಿಗಳೂ ಇದೇ ಉಪಾಯ ಮಾಡುತ್ತಾರೆ.

ಈಗ ಮುಖ್ಯ ಮಾರ್ಗಗಳಲ್ಲಿ ಹಳಿಗಳನ್ನು ಬೆಸೆದು ಉದ್ದಕ್ಕೂ ಒಂದೇ ಮಾಡಿರುತ್ತಾರೆ. ಸ್ಲೀಪರ್, ಕ್ಲಿಪ್, ಜಲ್ಲಿ ಸೇರಿ ಬಿಗಿಯಾಗಿ ಹಿಡಿದಿರುವುದರಿಂದ ಅದು ಕುಗ್ಗಲಾರದು. ಆ ಬಲ ಒಳಗೇ ಎಳೆತವಾಗಿ ಉಳಿಯುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ 20 ಡಿಗ್ರಿ ಇಳಿಕೆಗೆ ಈ ಎಳೆತ ಸುಮಾರು 38 ಟನ್! ಗಟ್ಟಿ ಹಳಿ ಇದನ್ನು ತಡೆಯುತ್ತದೆ. ಬೆಸುಗೆಯಲ್ಲಿ ದೋಷವಿದ್ದರೆ ಅಥವಾ ಒಳಗೆ ಹಳೆಯ ಬಿರುಕಿದ್ದರೆ ಅಲ್ಲೇ ತುಂಡಾಗಬಹುದು. ಆಗ ಎರಡೂ ತುದಿಗಳು ಹಿಂದಕ್ಕೆ ಸರಿದು ನಡುವೆ ಸಂದು ಕಾಣುತ್ತದೆ. ನೋಡಿದವರಿಗೆ ಯಾರೋ ತುಂಡು ತೆಗೆದಂತೆ ಅನ್ನಿಸುತ್ತದೆ.

ನಮ್ಮ ಹಾಸನದಲ್ಲೂ ಹೀಗಾಗುತ್ತದೆಯೇ?

ಇದಕ್ಕೆ ಹಿಮ ಬೀಳಬೇಕಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹಳಿ ಗಾಳಿಗಿಂತ ಹೆಚ್ಚು ಕಾಯುತ್ತದೆ, ಬೆಳಗಿನ ಜಾವ ತಣ್ಣಗಾಗುತ್ತದೆ. ಹೊಳೆನರಸೀಪುರದ ಮೂಲಕ ಹೋಗುವ ಮೈಸೂರು–ಹಾಸನ ಮಾರ್ಗಕ್ಕೂ, ಚನ್ನರಾಯಪಟ್ಟಣದ ಮೂಲಕ 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ಮಾರ್ಗಕ್ಕೂ ಇದೇ ನಿಯಮ. ಅರಕಲಗೂಡಿಗೆ ರೈಲು ಇನ್ನೂ ಬಂದಿಲ್ಲ, ಫಾರ್ವರ್ಡ್ ಮಾತ್ರ ತಪ್ಪದೆ ಬರುತ್ತದೆ!

ಇದನ್ನು ತಡೆಯಲು ರೈಲ್ವೆಯವರು ಹಳಿಯೊಳಗಿನ ಬಿರುಕನ್ನು ಅಲ್ಟ್ರಾಸೌಂಡ್‌ನಿಂದ ಪತ್ತೆ ಮಾಡುತ್ತಾರೆ. ಕೀಮ್ಯಾನ್ ಹಳಿಯುದ್ದಕ್ಕೂ ನಡೆದು ಪರೀಕ್ಷಿಸುತ್ತಾರೆ. ಚಳಿ ಹೆಚ್ಚಿರುವ ಕಡೆ ರಾತ್ರಿ ಗಸ್ತೂ ಇರುತ್ತದೆ.

ಹಾಗಾದರೆ ಸಂಚು ಇರುವುದೇ ಇಲ್ಲವೇ?

ಇರಬಹುದು. ಆದರೆ ಫೋಟೊ ನೋಡಿ ಹೇಳಲಾಗದು. ತನಿಖೆಯಲ್ಲಿ ತುಂಡಾದ ಮುಖವನ್ನು ಪರೀಕ್ಷಿಸುತ್ತಾರೆ. ಹಳೆಯ ಬಿರುಕಿನ ಭಾಗ ತುಕ್ಕು ಹಿಡಿದು ಕಪ್ಪಾಗಿರಬಹುದು, ಈಗಷ್ಟೇ ಮುರಿದ ಭಾಗ ಹೊಳೆಯುತ್ತದೆ. ಗರಗಸದಿಂದ ಕತ್ತರಿಸಿದ್ದರೆ ಅದರ ಗುರುತೇ ಬೇರೆ.

ಬಿರುಕು ಕಂಡರೆ ಏನು ಮಾಡಬೇಕು?

- ಮೊದಲು 139ಕ್ಕೆ ಕರೆ ಮಾಡಿ. ಹತ್ತಿರದ ಗೇಟ್‌ಮ್ಯಾನ್ ಅಥವಾ ಸ್ಟೇಷನ್ ಮಾಸ್ಟರ್‌ಗೂ ತಿಳಿಸಿ.
- ಹಳಿಯ ಪಕ್ಕದ ಕಲ್ಲು ಅಥವಾ ಕಂಬದ ಮೇಲಿನ ಕಿಲೋಮೀಟರ್ ಸಂಖ್ಯೆ ಹೇಳಿ.
- ಫೋಟೊಗಾಗಿ ಹಳಿ ಮೇಲೆ ಹೋಗಬೇಡಿ. ಜೀವಕ್ಕೆ ಅಪಾಯ, 1989ರ ರೈಲ್ವೆ ಕಾಯ್ದೆಯಡಿ ಅಪರಾಧವೂ ಹೌದು.

ಒಟ್ಟಾರೆ ಹೇಳುವುದಾದರೆ, ಹಳಿ ತುಂಡಾಗಿದೆ ಎಂದಾಕ್ಷಣ ಅದು ಸಂಚು ಎನ್ನುವುದು ತಪ್ಪು. ನೀವು ಗ್ರೂಪಿಗೆ ಕಳಿಸಿದ ಫೋಟೊ ಮುಂದಿನ ರೈಲನ್ನು ನಿಲ್ಲಿಸದು, ಸರಿಯಾದ ಹೊತ್ತಿಗೆ ಮಾಡಿದ ಒಂದು ಕರೆ ನಿಲ್ಲಿಸಬಹುದು.