ತಿಪ್ಪೆಯಿಂದ ತೆನೆಗೆ

ಮುಂಗಾರಿಗೆ ಮುನ್ನ ಹೊಲಗಳಲ್ಲಿ ಸಾಲಾಗಿ ಸುರಿದ ಗೊಬ್ಬರದ ಗುಪ್ಪೆಗಳನ್ನು ತಾವೆಲ್ಲ ಕಂಡಿದ್ದೀರಿ. ಗೊಬ್ಬರ ಬಿತ್ತೆಂದರೆ ಪೈರಿಗೆ ಎಲೆ ಹಾಕಿ ಬಡಿಸಿದಂತಾಯಿತು ಎಂಬುದು ನಮ್ಮ ಭಾವನೆ. ಆದರೆ ಆ ಪಂಕ್ತಿಯಲ್ಲಿ ಮೊದಲು ಕೂರುವುದು ಪೈರಲ್ಲ, ಮಣ್ಣಿನ ಸೂಕ್ಷ್ಮಜೀವಿಗಳು. ಅವು ಉಂಡು ಬಿಟ್ಟುಕೊಟ್ಟದ್ದೇ ಪೈರಿನ ಪಾಲು.

ಗೊಬ್ಬರದ ಸಾರಜನಕದಲ್ಲಿ ಬಹುಭಾಗ ಸಾವಯವ ಸಂಯುಕ್ತಗಳಲ್ಲಿ ಸೆರೆಯಾಗಿರುತ್ತದೆ. ತೇವ, ಗಾಳಿ, ಬಿಸುಪು ಕೂಡಿದಾಗ ಸೂಕ್ಷ್ಮಜೀವಿಗಳು ಅವನ್ನು ಒಡೆದು ಅಮೋನಿಯಂ ಆಗಿಸುತ್ತವೆ. ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಬೇರುಗಳು ಮುಖ್ಯವಾಗಿ ಹೀರುವುದು ಅಮೋನಿಯಂ ಮತ್ತು ನೈಟ್ರೇಟುಗಳನ್ನೇ. ಪೊಟ್ಯಾಷಿಗೆ ಇಂಥ ಸೆರೆಯಿಲ್ಲ. ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಆದುದರಿಂದಲೇ ತೆರೆದ ತಿಪ್ಪೆಯ ಮೇಲೆ ಮಳೆ ಸುರಿದರೆ ಕೊಚ್ಚಿಹೋಗುತ್ತದೆ.

ಗೊಬ್ಬರ ಚೆನ್ನಾಗಿ ಕಳಿತಿರಬೇಕೆಂದು ಹಿರಿಯರು ಹೇಳುತ್ತಿದ್ದುದಕ್ಕೂ ಕಾರಣವುಂಟು. ಒಣಹುಲ್ಲಿನಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ 80 ಪಾಲಿನಷ್ಟಿರಬಹುದು. ಅದನ್ನು ಹಾಗೆಯೇ ಮಣ್ಣಿಗೆ ಸೇರಿಸಿದರೆ, ಇಂಗಾಲವನ್ನು ಉಂಡು ಬೆಳೆಯುವ ಜೀವಿಗಳು ಸಾಲದ ಸಾರಜನಕವನ್ನು ಮಣ್ಣಿನಿಂದಲೇ ಕಸಿಯುತ್ತವೆ. ಎಳೆಯ ಪೈರು ಹಳದಿಗಟ್ಟುತ್ತದೆ. ತಿಪ್ಪೆಯಲ್ಲಿ ಕಳಿಯುವಾಗ ಇಂಗಾಲ ಅನಿಲವಾಗಿ ಹೊರಹೋಗಿ, ಈ ಪ್ರಮಾಣ 20ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಅಂಥ ಗೊಬ್ಬರ ಮಣ್ಣಿನಿಂದ ಕಸಿಯುವುದಿಲ್ಲ, ಮಣ್ಣಿಗೆ ಕೊಡುತ್ತದೆ.

ಕೊಡುವುದಾದರೂ ನಿಧಾನವಾಗಿ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು 5 ಕಿಲೋ. ಮೊದಲ ಬೆಳೆಗೆ ದಕ್ಕುವುದು ಅದರ ಮೂರನೆಯ ಒಂದು ಪಾಲು, ಹಲವೊಮ್ಮೆ ಅದಕ್ಕೂ ಕಡಿಮೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಬಾರ್ಲಿ ಹೊಲವೊಂದರ ತಾಕಿಗೆ 1852ರಿಂದ 1871ರವರೆಗೆ ವರ್ಷವೂ ಗೊಬ್ಬರ ಹಾಕಿ, ಆಮೇಲೆ ನಿಲ್ಲಿಸಿದರು. ನೂರು ವರ್ಷ ಕಳೆದ ಮೇಲೂ ಅಲ್ಲಿಯ ಮಣ್ಣು, ಗೊಬ್ಬರವನ್ನೇ ಕಾಣದ ತಾಕಿನ ಮಣ್ಣಿಗಿಂತ ಸಾರವತ್ತಾಗಿತ್ತು. ನಮ್ಮ ಬಿಸಿಲಿನ ಸೀಮೆಯಲ್ಲಿ ಸಾವಯವ ಅಂಶ ಇನ್ನೂ ಬೇಗ ಕರಗುವುದು ನಿಜ. ಆದರೂ ಈ ವರ್ಷ ಹಾಕಿದ್ದರ ಫಲ ಈ ವರ್ಷಕ್ಕೇ ಮುಗಿಯುವುದಿಲ್ಲ.

ಇಲ್ಲಿಯೇ ಒಂದು ತೊಡಕು. ಒಂದೇ ವರ್ಷದ ಮಾತಿಗೆ ಹೊಲ ಹಿಡಿದವನು ಗೊಬ್ಬರ ಹಾಕಲು ಹಿಂಜರಿಯುತ್ತಾನೆ. ಅವನನ್ನು ಸೋಮಾರಿಯೆಂದು ಜರೆಯುವುದು ನ್ಯಾಯವಲ್ಲ. ಬಂಡಿಗೆ ತೆತ್ತ ಹಣ ಅವನದು, ಫಲದ ಹೆಚ್ಚಿನ ಪಾಲು ಮುಂದೆ ಬರುವವನದು. ಹೀಗೆ ಪ್ರತಿಯೊಬ್ಬನೂ ಲೆಕ್ಕ ಹಾಕಿ ಕೈಬಿಟ್ಟರೆ ಕೊನೆಗೆ ಬಡವಾಗುವುದು ನೆಲ. ಹೊಲದ ಒಡೆಯನು ಗೊಬ್ಬರದ ವೆಚ್ಚದಲ್ಲಿ ಪಾಲು ವಹಿಸಿದರೆ, ಇಲ್ಲವೆ ನಾಲ್ಕಾರು ವರ್ಷ ಹೊಲ ಬಿಡಿಸುವುದಿಲ್ಲವೆಂಬ ಭರವಸೆ ಕೊಟ್ಟರೆ, ಉಳುವವನ ಕೈ ತಾನಾಗಿ ತಿಪ್ಪೆಯತ್ತ ಚಾಚೀತು.

ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮುಂಚೆ ಹರಡಿ, ಗುಪ್ಪೆಗಳು ಬಿಸಿಲಿಗೆ ಒಣಗುವ ಮೊದಲೇ ಉತ್ತು ಮುಚ್ಚಿರಿ. ಮಿಕ್ಕ ಕೆಲಸವನ್ನು ಮಣ್ಣು ತನ್ನ ವೇಳೆಗೆ ತಾನು ಮಾಡಿಕೊಳ್ಳುತ್ತದೆ.