ಗುಬ್ಬಿಯ ಚೀಟಿ ನೋಡಿದವರ್ಯಾರು?

ತುಮಕೂರು ಬಸ್‌ಸ್ಟ್ಯಾಂಡು. ಕುಣಿಗಲ್ ಬಸ್ಸು ಹೊರಡೋದಕ್ಕೆ ಇನ್ನೂ ಹತ್ತು ನಿಮಿಷ. ನಮ್ಮ ಮುಂದಿನ ಸೀಟಿನಲ್ಲಿ ಇಬ್ಬರು ಹುಡುಗರು. ಕೈಯಲ್ಲಿ ಕಡ್ಲೆಕಾಯಿ ಪೊಟ್ಟಣ, ಬಾಯಲ್ಲಿ ಜಗಳ!

"ಏನ್ಲಾ, ನಮ್ ಬಾಸ್ ಪಿಚ್ಚರ್‌ಗೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದೀಯಂತೆ?"

"ಯಾರ್ ಹೇಳಿದ್ದು?"

"ಹತ್ತು ಕೊಟ್ಟಿದ್ರೆ ಗ್ರೂಪ್‌ಗೆ ಸ್ಕ್ರೀನ್‌ಶಾಟ್ ಹಾಕು. ಎಲ್ರೂ ಹಾಕವ್ರೆ, ನೀನೊಬ್ನೇ ಹಾಕಿಲ್ಲ."

ಹುಡುಗ ಗಪ್‌ಚುಪ್! ಸಿಪ್ಪೆ ಬಿಡಿಸೋದರಲ್ಲೇ ಮಗ್ನ. ಕುಣಿಗಲ್ ಬಂದು ಇಳಿಯುವಾಗ ಮೆಲ್ಲಗೆ ಅಂದ: "ಸೆಕೆಂಡ್ ಹಾಫ್ ಎಳೆದವ್ರೆ ಕಣ್ಲಾ. ಅದನ್ನ ಹೇಳಿದ್ರೆ ನಾನು ಅಭಿಮಾನಿ ಅಲ್ವಾ?"

ಓದುಗ ಮಿತ್ರರೇ, ನಗಬೇಡಿ. ಓಟು ಹಾಕಿದವನು ಅದನ್ನು ತೋರಿಸಬೇಕೇ? ಕಾರಣ ಹೇಳಬೇಕೇ? ಇದೇ ಜಗಳ 2022ರಲ್ಲಿ ವಿಧಾನಸೌಧದಲ್ಲೂ ನಡೆದಿದೆ. ಅದರಲ್ಲಿ ನಮ್ಮ ಸಿನಿಮಾದವರೂ ಇದ್ದರು, ನಮ್ಮ ಗುಬ್ಬಿಯವರೂ ಇದ್ದರು!

ನಾಲ್ಕು ಸೀಟು, ಆರು ಮಂದಿ

ಅವತ್ತು ಜೂನ್ 10. ಕರ್ನಾಟಕದಿಂದ ರಾಜ್ಯಸಭೆಗೆ ನಾಲ್ಕು ಸೀಟು, ಕಣದಲ್ಲಿ ಆರು ಮಂದಿ. ಅವರಲ್ಲೊಬ್ಬರು ನವರಸ ನಾಯಕ ಜಗ್ಗೇಶ್. 2008ರಲ್ಲಿ ಪಕ್ಕದ ತುರುವೇಕೆರೆಯಿಂದ ಶಾಸಕರಾಗಿದ್ದವರು, ಈಗ ಬಿಜೆಪಿ ಅಭ್ಯರ್ಥಿ. ಓಟು ಹಾಕುವವರು ನಾವು ನೀವಲ್ಲ, 224 ಶಾಸಕರು. ಜಗ್ಗೇಶ್ ಗೆದ್ದರು. ಅಭಿಮಾನಿಗಳು ಪಟಾಕಿ ಹೊಡೆದರು, ಸರಿ. ಆದರೆ ಆ ದಿನದ ಅಸಲಿ ಸಸ್ಪೆನ್ಸ್ ಇದ್ದದ್ದು ಬೇರೆ ಕಡೆ.

ಜೆಡಿಎಸ್ ಪಕ್ಷದ ಶಾಸಕರು 32. ಅದರ ಅಭ್ಯರ್ಥಿ ಕುಪೇಂದ್ರ ರೆಡ್ಡಿಯವರಿಗೆ ಬಿದ್ದ ಓಟು 30. ಎರಡು ಎಲ್ಲಿ ಹೋದವು?

ಒಂದಕ್ಕೆ ಉತ್ತರ ಕೂಡಲೇ ಸಿಕ್ಕಿತು. ಕೋಲಾರದ ಶಾಸಕ ಶ್ರೀನಿವಾಸಗೌಡರು ಹೊರಗೆ ಬಂದು, ತಾವು ಕಾಂಗ್ರೆಸ್ಸಿಗೆ ಓಟು ಹಾಕಿದ್ದಾಗಿ ಪತ್ರಕರ್ತರ ಎದುರೇ ಹೇಳಿಬಿಟ್ಟರು. ಯಾಕೆ ಸ್ವಾಮಿ ಅಂದರೆ, ಆ ಪಕ್ಷ ತಮಗೆ ಇಷ್ಟ ಅಂದರು. ಒಪ್ಪಿ, ಬಿಡಿ. ಓಟೂ ಬಯಲು, ಕಾರಣವೂ ಬಯಲು!

ಇನ್ನೊಂದು? ಅಲ್ಲಿಂದಲೇ ಕಥೆ ಗುಬ್ಬಿಗೆ ತಿರುಗುವುದು. ಗುಬ್ಬಿ ಶಾಸಕ ಎಸ್.ಆರ್. ಶ್ರೀನಿವಾಸ್ ಖಾಲಿ ಚೀಟಿ ಹಾಕಿದ್ದಾರೆ ಎಂದು ಪಕ್ಷದ ನಾಯಕ ಎಚ್.ಡಿ. ಕುಮಾರಸ್ವಾಮಿ ಸಿಡಿದರು. ಇಲ್ಲ, ನಾನು ನಮ್ಮ ಪಕ್ಷಕ್ಕೇ ಹಾಕಿದ್ದೇನೆ ಎಂದು ಶ್ರೀನಿವಾಸ್ ಪಟ್ಟು ಹಿಡಿದರು. ಅದೇ ತಿಂಗಳು ಪಕ್ಷ ಇಬ್ಬರು ಶಾಸಕರನ್ನೂ ಉಚ್ಚಾಟಿಸಿತು.

ಓಪನ್ ಅಂದರೆ ಎಷ್ಟು ಓಪನ್?

ಇಲ್ಲೇ ಇರೋದು ಗಮ್ಮತ್ತು! ರಾಜ್ಯಸಭೆ ಓಟು ಗುಟ್ಟಿನ ಓಟಲ್ಲ. 2003ರಲ್ಲಿ ಕಾಯ್ದೆ ತಿದ್ದಿದರು. ಯಾಕೆ? ಕುದುರೆ ವ್ಯಾಪಾರ ನಿಲ್ಲಲಿ ಅಂತ. ಕುಣಿಗಲ್ಲಿನವರು ಬೇಜಾರು ಮಾಡಿಕೊಳ್ಳಬಾರದು, ಇದು ನಿಮ್ಮ ಸ್ಟಡ್ ಫಾರಂ ಕುದುರೆಯ ಮಾತಲ್ಲ! ಹಣ ಎಣಿಸಿ ಶಾಸಕರ ಓಟು ಕೊಳ್ಳುವ ಚಾಳಿಯ ಮಾತು. ಹಾಗಾಗಿ ಪಕ್ಷದ ಶಾಸಕ ಚೀಟಿಯನ್ನು ಪೆಟ್ಟಿಗೆಗೆ ಹಾಕುವ ಮುಂಚೆ ತನ್ನ ಪಕ್ಷದ ಏಜೆಂಟಿಗೆ ತೋರಿಸಬೇಕು. ತೋರಿಸದಿದ್ದರೆ ಓಟು ರದ್ದು. ಬೇರೆ ಪಕ್ಷದ ಏಜೆಂಟಿಗೆ ತೋರಿಸಿದರೂ ರದ್ದು. ಇದು ಸರಿಯೇ ಎಂದು ಪತ್ರಕರ್ತ ಕುಲದೀಪ್ ನಯ್ಯರ್ ಸುಪ್ರೀಂ ಕೋರ್ಟಿಗೆ ಹೋದರು. 2006ರಲ್ಲಿ ಕೋರ್ಟು ಸರಿ ಅಂದಿತು.

ಈಗ ಹೇಳಿ, ಗುಬ್ಬಿಯ ಚೀಟಿಯನ್ನು ನೋಡಬಹುದಾಗಿದ್ದವರು ಯಾರು? ಪಕ್ಷದ ಏಜೆಂಟು. ಗುಬ್ಬಿಯ ಮತದಾರ ನೋಡಿದನೇ? ಇಲ್ಲ. ಅವನಿಗೆ ಸಿಕ್ಕಿದ್ದು ಎರಡು ಮಾತು, ಒಂದೂ ಚೀಟಿಯಲ್ಲ! ಓಪನ್ ಓಟು ಅನ್ನುತ್ತಾರೆ, ಬಾಗಿಲು ತೆರೆದದ್ದು ಮಾತ್ರ ಮಾಲೀಕರ ಕಡೆಗೆ. ಗಾಂಧಿ ಕ್ಲಾಸಿನವನಿಗೆ ಪರದೆ ಮುಚ್ಚೇ ಇತ್ತು. ಆಮೇಲೆ ಶ್ರೀನಿವಾಸ್ ಕಾಂಗ್ರೆಸ್ ಸೇರಿ, 2023ರ ಮೇ ಚುನಾವಣೆಯಲ್ಲಿ ಗುಬ್ಬಿಯಿಂದ ಮತ್ತೆ ಗೆದ್ದರು. ಅದು ಆ ಚೀಟಿಯ ಮೇಲಿನ ತೀರ್ಪು ಅಂತ ನಾವು ಹೇಳುವುದಿಲ್ಲ. ಆದರೆ ಆ ದಿನ ಗುಬ್ಬಿಯವರು ಯಾರಿಗೆ ಒತ್ತಿದರು ಅಂತ ಕೇಳುವ ಹಕ್ಕು ಯಾವ ಏಜೆಂಟಿಗೂ ಇರಲಿಲ್ಲ. ಅದು ಗುಟ್ಟಿನ ಓಟು.

ಬೆರಳಿನ ಮಸಿ ಏನು ಹೇಳುತ್ತೆ?

ಯಾಕೆ ಗುಟ್ಟು? ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲೂ ಓಟನ್ನು ಎಲ್ಲರ ಎದುರು ಕೂಗಿ ಹೇಳಬೇಕಿತ್ತು. ಜಮೀನ್ದಾರ ಅಲ್ಲೇ ನಿಂತು ನೋಡೋನು. ಗೇಣಿದಾರನ ಬಾಯಿಂದ ಬೇರೆ ಹೆಸರು ಬಂದೀತೇ? 1872ರಲ್ಲಿ ಅಲ್ಲಿ ಗುಟ್ಟಿನ ಚೀಟಿ ತಂದರು. ನಮ್ಮಲ್ಲಿ 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ, ನೀನು ಯಾರಿಗೆ ಓಟು ಹಾಕಿದೆ ಹೇಳು ಅಂತ ಮತದಾರನನ್ನು ಕೋರ್ಟಿನಲ್ಲೂ ಬಲವಂತ ಮಾಡುವ ಹಾಗಿಲ್ಲ.

ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ಮಾಡುತ್ತಿರುವ ಮಸಿಯನ್ನೇ ನೋಡಿ. ನೀನು ಓಟು ಹಾಕಿದ್ದೀಯ ಅಂತ ಬೆರಳು ಊರಿಗೆಲ್ಲ ಹೇಳುತ್ತೆ. ಯಾರಿಗೆ ಅಂತ ಮಾತ್ರ ಬಾಯಿ ಬಿಡಲ್ಲ. ಎರಡನೇ ಸಲ ಕ್ಯೂನಲ್ಲಿ ನಿಲ್ಲೋಕೂ ಬಿಡಲ್ಲ!

ಈಗ ಸಿನಿಮಾಗೆ ಬನ್ನಿ. ಹಿಂದೆ ಗುಬ್ಬಿ ಕಂಪನಿಯ ನಾಟಕದಲ್ಲಿ ಪ್ರೇಕ್ಷಕ ಓಟು ಹಾಕುತ್ತಿದ್ದದ್ದು ಹೇಗೆ ಗೊತ್ತೇ? "ವನ್ಸ್ ಮೋರ್!" ಮುಖ ಕಾಣುತ್ತಿತ್ತು, ದನಿ ಕೇಳುತ್ತಿತ್ತು. ಯಾವ ಹಾಡಿಗೆ ಅಂತಲೂ ಗೊತ್ತಾಗುತ್ತಿತ್ತು. 1884ರಲ್ಲಿ ಹುಟ್ಟಿದ ಆ ಕಂಪನಿ ಬೆಳೆದದ್ದು ಇಂಥ ಬಯಲು ಓಟಿನ ಮೇಲೆ. ಆದರೆ ಮೆಚ್ಚಿ ಕೂಗುವವನಿಗೆ ಯಾವ ಭಯ? ಮೆಚ್ಚದವನು ಆಗಲೂ ಸುಮ್ಮನೆ ಎದ್ದು ಮನೆಗೆ ಹೋಗುತ್ತಿದ್ದ.

ಇವತ್ತಿನ ಮೊಬೈಲಿನಲ್ಲಿ ಎದ್ದು ಹೋಗುವವನೂ ನಂಬರು ಕೊಡುತ್ತಾನೆ. ಒಳ್ಳೆಯದೇ. ತೊಂದರೆ ಏನಪ್ಪಾ ಅಂದರೆ, ಪಿಚ್ಚರ್ ನೋಡದವನೂ ಕೊಡುತ್ತಾನೆ! ಎದುರಾಳಿ ಹೀರೋಗೆ ಒಂದು, ನಮ್ಮವನಿಗೆ ಹತ್ತು. ಇದರಿಂದ ಬೇಸತ್ತು ಕೆಲವು ಕನ್ನಡ ನಿರ್ಮಾಪಕರು ಕೋರ್ಟಿನ ಆದೇಶ ತಂದು, ಟಿಕೆಟ್ ಆ್ಯಪಿನಲ್ಲಿ ರೇಟಿಂಗನ್ನೇ ಮುಚ್ಚಿಸಿದ್ದೂ ಉಂಟು. ಐಎಂಡಿಬಿಯವರು ಎಲ್ಲ ಓಟಿಗೂ ಒಂದೇ ತೂಕ ಕೊಡುವುದಿಲ್ಲ. ತೂಗುವ ಲೆಕ್ಕವನ್ನು ಪೂರ್ತಿ ಬಿಟ್ಟುಕೊಡುವುದೂ ಇಲ್ಲ, ಕಳ್ಳ ಓಟಿನವರು ಕಲಿತುಬಿಡುತ್ತಾರೆ ಅಂತ.

ಹಾಗಾದರೆ ಎಲ್ಲರ ಹೆಸರೂ ಹಾಕಿಬಿಡೋಣವೇ? ಬೇಡ. ಹಾಕಿದರೆ ಆ ಬಸ್ಸಿನ ಹುಡುಗ ನಾಳೆಯಿಂದ ಹತ್ತೇ ಕೊಡುತ್ತಾನೆ. ಎಳೆದ ಸೆಕೆಂಡ್ ಹಾಫ್ ಮುಂದಿನ ಪಿಚ್ಚರಲ್ಲೂ ಎಳೆಯುತ್ತೆ. ನಷ್ಟ ಯಾರಿಗೆ? ಬಾಸ್‌ಗೇ!

ಟಾಕೀಸಿನ ಗೇಟ್‌ಕೀಪರನ್ನು ನೋಡಿ. ಟಿಕೆಟ್ ಹರಿದು ಒಳಗೆ ಬಿಡುತ್ತಾನೆ, ಹೆಸರು ಕೇಳುವುದಿಲ್ಲ. ಓಟೂ ಹಾಗೇ ಇರಲಿ. ಟಿಕೆಟ್ ತೊಗೊಂಡವನಿಗೆ ಒಂದು ಓಟು, ಜೊತೆಗೆ ಒಂದು ಸಾಲು ಕಾರಣ. ಹೆಸರು ಹಾಕುವುದು ಅವನ ಇಷ್ಟ. ಆದರೆ ಇನ್ನೊಬ್ಬರ ಪರವಾಗಿ ಓಟು ಹಾಕುವವರಿಗೆ ಈ ರಿಯಾಯಿತಿ ಇಲ್ಲ. ಶಾಸಕರಾಗಲಿ, ಪ್ರಶಸ್ತಿ ಸಮಿತಿಯವರಾಗಲಿ, ಅಭಿಮಾನಿ ಸಂಘದ ಅಧ್ಯಕ್ಷರೇ ಆಗಲಿ, ಅವರ ಕೈಲಿರುವುದು ನಮ್ಮ ಓಟು. ಅದನ್ನು ತೋರಿಸಲಿ, ಕಾರಣ ಹೇಳಲಿ. ಏಜೆಂಟಿಗಲ್ಲ, ನಮಗೆ!

ಕುಣಿಗಲ್ಲಿನಲ್ಲಿ ಇಳಿದ ತಮ್ಮಾ, ನೀನು ಅಭಿಮಾನಿಯೇ. ಸ್ಕ್ರೀನ್‌ಶಾಟ್ ಹಾಕಬೇಡ. ಸೆಕೆಂಡ್ ಹಾಫ್ ಎಲ್ಲಿ ಎಳೆದಿದೆ ಅಂತ ನಮಗೊಂದು ಕಾರ್ಡು ಹಾಕು. ಹೆಸರಿಲ್ಲದ ಕಾರ್ಡನ್ನೂ ಅಚ್ಚು ಹಾಕುತ್ತೇವೆ. ಕಾರಣವಿಲ್ಲದ ಕಾರ್ಡು ಮಾತ್ರ ಸೀದಾ ಕಸದ ಬುಟ್ಟಿಗೆ. ಏನಂತೀರಿ?