ಮೊದಲ ಗೇಮ್‌ಗೆ ಕೆಜಿಎಫ್ ಗಣಿಯೇ ಸಾಕು

ಹವ್ಯಾಸಕ್ಕೆಂದು ವಿಡಿಯೊ ಗೇಮ್ ಬರೆಯಲು ಹೊರಟವರು ಎಡವುವುದು ಸಾಮಾನ್ಯವಾಗಿ ಕೋಡ್‌ನಲ್ಲಲ್ಲ, ಆಸೆಯಲ್ಲಿ. ಕೆಜಿಎಫ್‌ನಲ್ಲೋ ಬಂಗಾರಪೇಟೆಯಲ್ಲೋ ಓದುವ ಹುಡುಗನೊಬ್ಬ ಗೇಮ್ ಮಾಡುತ್ತೇನೆ ಎಂದು ಕೂತರೆ ಅವನ ತಲೆಯಲ್ಲಿ ಓಡುವುದು ಬಹುಮಟ್ಟಿಗೆ 2018ರ ‘ಕೆಜಿಎಫ್’ ಸಿನಿಮಾ: ದೂಳು, ಬೆಂಕಿ, ಸುತ್ತಿಗೆ, ಸಾವಿರ ಜನ, ನಡುವೆ ಒಬ್ಬ ನಾಯಕ. ಅಷ್ಟನ್ನು ಪರದೆಗೆ ತರಲು ದೊಡ್ಡ ಕಂಪನಿಗಳಲ್ಲೇ ನೂರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ. ಒಬ್ಬನೇ ಕೂತವನಿಗೆ ನಾಯಕನ ಗಡ್ಡ ಮುಗಿಯುವ ಹೊತ್ತಿಗೆ ಉತ್ಸಾಹವೂ ಮುಗಿದಿರುತ್ತದೆ. ಗೇಮ್ ಎಂದರೆ ಮೊದಲು ನಿಯಮಗಳ ಕಟ್ಟು, ಚಿತ್ರ ಆಮೇಲಿನದು. ನಿಯಮ ಬರೆಯಬೇಕಾದರೆ ಯಾವುದಾದರೂ ಒಂದು ಸಂಗತಿ ಹೇಗೆ ನಡೆಯುತ್ತದೆ ಎನ್ನುವುದು ಚೆನ್ನಾಗಿ ಗೊತ್ತಿರಬೇಕು. ಆ ಲೆಕ್ಕದಲ್ಲಿ ಕೆಜಿಎಫ್‌ನವರ ಹತ್ತಿರ ಇರುವಷ್ಟು ಬಂಡವಾಳ ಬೆಂಗಳೂರಿನ ಎಷ್ಟೋ ಹವ್ಯಾಸಿಗಳ ಹತ್ತಿರ ಇಲ್ಲ ಎನ್ನುವುದು ನನ್ನ ವಾದ.

ಗಣಿಗೂ ಗೇಮ್‌ಗೂ ಹಳೆಯ ನಂಟಿದೆ. 1983ರಲ್ಲಿ ಬಂದ ‘ಲೋಡ್ ರನ್ನರ್’ ಆಟವನ್ನು ಬರೆದದ್ದು ಡಗ್ ಸ್ಮಿತ್; ಅಗೆಯುವುದು, ಏಣಿ ಹತ್ತುವುದು, ಚಿನ್ನ ಹೆಕ್ಕುವುದು, ಇಷ್ಟೇ ಅದರ ಬಂಡವಾಳ. ಮರುವರ್ಷ ಪೀಟರ್ ಲೀಪಾ ಮತ್ತು ಕ್ರಿಸ್ ಗ್ರೇ ಎಂಬ ಇಬ್ಬರು ಸೇರಿ ‘ಬೌಲ್ಡರ್ ಡ್ಯಾಶ್’ ತಂದರು. ಮಣ್ಣು ತೋಡಿದರೆ ಮೇಲಿನ ಗುಂಡು ಕೆಳಗೆ ಬೀಳುತ್ತದೆ ಎಂಬ ಒಂದು ನಿಯಮದ ಮೇಲೆ ಆ ಇಡೀ ಆಟ ನಿಂತಿದೆ. 2009ರಲ್ಲಿ ಸ್ವೀಡನ್ನಿನ ಮಾರ್ಕಸ್ ಪರ್ಸನ್ ಒಬ್ಬನೇ ಆರಂಭಿಸಿದ ‘ಮೈನ್‌ಕ್ರಾಫ್ಟ್’ ಕೂಡ ಚೌಕಗಳನ್ನು ಒಡೆಯುವ, ಜೋಡಿಸುವ ಆಟ. ಐದು ವರ್ಷಗಳ ನಂತರ ಮೈಕ್ರೋಸಾಫ್ಟ್ ಅದರ ಕಂಪನಿಯನ್ನು 250 ಕೋಟಿ ಡಾಲರ್‌ಗೆ ಕೊಂಡಿತು. ಆ ಕೊನೆಯ ಅಂಕಿಯನ್ನು ಓದುಗರು ಮರೆತುಬಿಟ್ಟರೆ ಒಳ್ಳೆಯದು. ನೆನಪಿಡಬೇಕಾದದ್ದು ಬೇರೆ: ಈ ಮೂರರಲ್ಲಿ ಒಂದೂ ಚಿತ್ರದ ಚೆಂದದಿಂದ ಗೆದ್ದದ್ದಲ್ಲ.

ಗುಂಡು ಬೀಳುವ ಆ ನಿಯಮವನ್ನು ಕಂಪ್ಯೂಟರ್‌ಗೆ ಹೇಳುವುದು ಹೇಗೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಲೆಕ್ಕದ ಚೌಕುಳಿ ಪುಸ್ತಕದ ಒಂದು ಹಾಳೆ ಸಾಕು. ಪ್ರತಿ ಚೌಕಕ್ಕೂ ಒಂದು ಸಂಖ್ಯೆ ಕೊಡಿ: 0 ಎಂದರೆ ಖಾಲಿ, 1 ಮಣ್ಣು, 2 ಗುಂಡು, 3 ಚಿನ್ನದ ಅದಿರು, 4 ಕಾರ್ಮಿಕ. ಆಟ ನಡೆಯುವಷ್ಟು ಹೊತ್ತೂ ಪ್ರೋಗ್ರಾಂ ಸುತ್ತು ಹೊಡೆಯುತ್ತಿರುತ್ತದೆ: ಯಾವ ಕೀಲಿ ಒತ್ತಿದ್ದಾರೆ ಎಂದು ಕೇಳು, ನಿಯಮದ ಪ್ರಕಾರ ಚೌಕಗಳನ್ನು ಬದಲಿಸು, ಪರದೆಯ ಮೇಲೆ ಬಿಡಿಸು, ಮತ್ತೆ ಮೊದಲಿಗೆ ಹೋಗು. ಇದನ್ನೇ ಗೇಮ್ ಲೂಪ್ ಎನ್ನುತ್ತಾರೆ. ಜಗತ್ತಿನ ಯಾವ ದುಬಾರಿ ಗೇಮ್ ತೆಗೆದುಕೊಂಡರೂ ಒಳಗೆ ತಿರುಗುತ್ತಿರುವುದು ಇದೇ ಗಾಲಿ. ಗುಂಡಿನ ನಿಯಮ ಒಂದೇ ಸಾಲು: ‘ಈ ಚೌಕದಲ್ಲಿ 2 ಇದ್ದು, ಕೆಳಗಿನ ಚೌಕದಲ್ಲಿ 0 ಇದ್ದರೆ, ಎರಡನ್ನೂ ಅದಲುಬದಲು ಮಾಡು.’ ಬರೆದು ಓಡಿಸಿದರೆ ಹೊಸಬರಿಗೆ ಒಂದು ಸೋಜಿಗ ಕಾದಿರುತ್ತದೆ. ಗುಂಡು ಬೀಳುವುದೇ ಕಾಣುವುದಿಲ್ಲ. ಮೇಲಿದ್ದದ್ದು ಕಣ್ಣು ಮಿಟುಕಿಸುವುದರೊಳಗೆ ತಳದಲ್ಲಿರುತ್ತದೆ. ಕಾರಣ, ಪ್ರೋಗ್ರಾಂ ಹಾಳೆಯನ್ನು ನಾವು ಓದುವಂತೆ ಮೇಲಿನಿಂದ ಕೆಳಕ್ಕೆ ಓದುತ್ತಿದೆ. ಮೂರನೇ ಸಾಲಿನ ಗುಂಡನ್ನು ನಾಲ್ಕಕ್ಕೆ ಇಳಿಸಿ, ನಾಲ್ಕನೇ ಸಾಲಿಗೆ ಬಂದಾಗ ಅದೇ ಗುಂಡನ್ನು ಮತ್ತೆ ಕಂಡು ಐದಕ್ಕೆ ಇಳಿಸುತ್ತದೆ, ಹೀಗೆ ಒಂದೇ ಸುತ್ತಿನಲ್ಲಿ ತಳದವರೆಗೆ. ಹಾಳೆಯನ್ನು ತಳದ ಸಾಲಿನಿಂದ ಮೇಲಕ್ಕೆ ಓದಿಸಿದರೆ ಸಮಸ್ಯೆ ಮಾಯ. ಗುಂಡು ಸುತ್ತಿಗೊಂದು ಚೌಕದಂತೆ ಇಳಿಯುತ್ತದೆ. ಪ್ರೋಗ್ರಾಮಿಂಗ್ ಕಲಿಯುವುದೆಂದರೆ ಹೆಚ್ಚುಪಾಲು ಇಂಥ ‘ಯಾಕೆ ಹೀಗಾಯಿತು’ಗಳ ಬೆನ್ನು ಹತ್ತುವುದು. ಭಾಷೆ ಪೈಥಾನ್ ಆದರೇನು, ಜಾವಾಸ್ಕ್ರಿಪ್ಟ್ ಆದರೇನು, ಈ ಪಾಠ ಬದಲಾಗುವುದಿಲ್ಲ.

ಈಗ ಇದೇ ಹಾಳೆಗೆ ಕೆಜಿಎಫ್ ಅನ್ನು ಇಳಿಸಿ ನೋಡಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಈ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ಕೊಟ್ಟಿದ್ದವು. ಅವುಗಳಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿನ ಬಂಡೆಯ ಉಷ್ಣಾಂಶ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿನ ಕಲ್ಲಿನ ಒತ್ತಡ ತಾಳಲಾರದೆ ಬಂಡೆ ಸಿಡಿಯುತ್ತಿತ್ತು. ಹಿಂದಿನವರು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಸಿಡಿತ ತಗ್ಗಿಸಲು, ಅದಿರು ತೆಗೆದ ಖಾಲಿ ಜಾಗದಲ್ಲಿ ಕಲ್ಲಿನ ಗೋಡೆ ಕಟ್ಟಿ ಮೇಲ್ಭಾಗಕ್ಕೆ ಆಸರೆ ಕೊಡುವ ಪದ್ಧತಿ ಬೆಳೆಯಿತು. 1902ರಿಂದ ಶಿವನಸಮುದ್ರದ ವಿದ್ಯುತ್ ಬಂತು. ಪಂಪು ನಿಂತರೆ ಗಣಿಗೆ ನೀರು ತುಂಬುತ್ತದೆ. ಮುಚ್ಚಿದ ಮೇಲೆ ಆದದ್ದೂ ಅದೇ. ಆಳಕ್ಕೆ ಹೋದಷ್ಟೂ ಖರ್ಚು ಏರುತ್ತಿತ್ತು, ಟನ್ ಅದಿರಿನಲ್ಲಿ ಸಿಗುವ ಚಿನ್ನ ಮಾತ್ರ ಕೊನೆಗಾಲಕ್ಕೆ ಕೆಲವೇ ಗ್ರಾಂಗೆ ಇಳಿದಿತ್ತು. ಇವೆಲ್ಲ ಇತಿಹಾಸದ ಸಾಲುಗಳಂತೆ ಕಾಣುತ್ತವೆ. ಗೇಮ್ ಬರೆಯುವವನ ಕಣ್ಣಿಗೆ ಪ್ರತಿಯೊಂದೂ ಒಂದು ‘ಹೀಗಿದ್ದರೆ ಹೀಗಾಗು’. ಕಾರ್ಮಿಕ ಒಂದು ಸಾಲು ಕೆಳಗಿಳಿದರೆ ಅವನ ದಣಿವು ಬೇಗ ಏರಲಿ. ಅಕ್ಕಪಕ್ಕ ನಾಲ್ಕು ಚೌಕ ಖಾಲಿಯಿದ್ದು ಗೋಡೆ ಇಲ್ಲದಿದ್ದರೆ ಮೇಲಿನ ಬಂಡೆ ಸಿಡಿಯುವ ಸಾಧ್ಯತೆ ಹೆಚ್ಚಲಿ. ಗೋಡೆ ಕಟ್ಟಲು ಒಂದು ಪಾಳಿ ಹಿಡಿಯಲಿ, ಆ ಪಾಳಿಯಲ್ಲಿ ಅದಿರು ಬಾರದಿರಲಿ. ಬೌಲ್ಡರ್ ಡ್ಯಾಶ್‌ನಲ್ಲಿ ಇಲ್ಲದ ಇಕ್ಕಟ್ಟೊಂದು ಇಲ್ಲಿ ತಾನಾಗಿ ಹುಟ್ಟಿತು: ಚಿನ್ನವೋ, ಗೋಡೆಯೋ? ಆಡುವವನ ಕೈ ಒಂದು ಕ್ಷಣ ಕೀಲಿಯ ಮೇಲೆ ತಡೆದರೆ ಗೇಮ್ ಹುಟ್ಟಿದಂತೆಯೇ. ಇಷ್ಟಕ್ಕೂ ಬೇಕಾದ ಚಿತ್ರ ಐದಾರು ಬಣ್ಣದ ಚೌಕಗಳು.

ಇದಕ್ಕೆಲ್ಲ ಬೆಂಗಳೂರಿಗೇ ಹೋಗಿ ಕೋರ್ಸ್ ಸೇರಬೇಕಲ್ಲವೇ ಎಂಬ ಪ್ರಶ್ನೆ ಮೊದಲು ಬರುತ್ತದೆ. ಬೆಂಗಳೂರಿನಲ್ಲಿ ಗೇಮ್ ಉದ್ಯಮ ಇರುವುದು ನಿಜ. 1997ರಲ್ಲಿ ರಾಜೇಶ್ ರಾವ್ ಅಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು; 2019ರಲ್ಲಿ ಅದು ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ಕರ್ನಾಟಕ 2012ರಲ್ಲೇ ಪ್ರತ್ಯೇಕ ನೀತಿ ತಂದಿತು. ಆದರೆ ಈ ಉದ್ಯಮ ಬಹುಕಾಲ ಅನ್ನ ಕಂಡದ್ದು ಹೊರದೇಶದ ಕಂಪನಿಗಳ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳ ಚಿತ್ರ ಮಾಡಿಕೊಡುವುದರಿಂದ. ನಿಯಮ ಅವರದು, ಬಣ್ಣ ನಮ್ಮದು. ಕೋರ್ಸುಗಳೂ ಸಹಜವಾಗಿ ಆ ಕೆಲಸಕ್ಕೇ ತಯಾರು ಮಾಡುತ್ತವೆ. ಉದ್ಯೋಗ ಬೇಕೆನ್ನುವವರು ಸೇರಲಿ, ತಪ್ಪಿಲ್ಲ. ಹವ್ಯಾಸಿಗೆ ಬೇಕಾದದ್ದು ಇನ್ನೊಂದು ತುದಿಯ ಕೆಲಸ, ಅದನ್ನು ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಕೂತೂ ಮಾಡಬಹುದು.

ಕಂಪ್ಯೂಟರ್ ದುಬಾರಿ ಎನ್ನುವ ಮಾತು ಅರ್ಧ ನಿಜ. ಮೂರು ಆಯಾಮದ ಗೇಮ್‌ಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಚೌಕಗಳ ಗೇಮ್‌ಗೆ ಮನೆಯ ಹಳೆಯ ಲ್ಯಾಪ್‌ಟಾಪ್ ಸಾಕು. ಚಿಕ್ಕವರು ಬ್ರೌಸರ್‌ನಲ್ಲೇ ನಡೆಯುವ ಸ್ಕ್ರ್ಯಾಚ್‌ನಿಂದ ಶುರುಮಾಡಬಹುದು; 2007ರಿಂದ ಇರುವ ಅದರಲ್ಲಿ ಕೋಡ್ ಬರೆಯುವ ಬದಲು ಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ. ದೊಡ್ಡವರಿಗೆ ನನ್ನ ಆಯ್ಕೆ ಗೋಡೋ. ಅರ್ಜೆಂಟೀನಾದ ಇಬ್ಬರು ಕಟ್ಟಿ 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ಗೇಮ್ ಎಂಜಿನ್ ಅದು. ಒಂದು ಸಿನಿಮಾ ಇಳಿಸಿಕೊಳ್ಳುವುದಕ್ಕಿಂತ ಕಡಿಮೆ ಡೇಟಾ ಸಾಕು. ಯುನಿಟಿ ಹೆಚ್ಚು ಹೆಸರುವಾಸಿ, ನಿಜ. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿ, ಗೇಮ್ ಇನ್‌ಸ್ಟಾಲ್ ಆದಷ್ಟು ಸಲ ಶುಲ್ಕ ಎಂಬ ಯೋಜನೆ ಘೋಷಿಸಿ, ಜಗತ್ತಿನ ಗೇಮ್ ಬರಹಗಾರರೆಲ್ಲ ತಿರುಗಿಬಿದ್ದ ಮೇಲೆ ಮರುವರ್ಷ ಕೈಬಿಟ್ಟಿತು. ಯಾರದೋ ಜಮೀನಿನಲ್ಲಿ ಮನೆ ಕಟ್ಟಿದವರ ಪಾಡು ಅದು. ಇನ್ನು ನಿಧಾನದ ಲ್ಯಾಪ್‌ಟಾಪ್‌ನಿಂದ ಒಂದು ಲಾಭವೂ ಇದೆ. ‘ಪ್ರತಿ ಸುತ್ತಿಗೂ ಕೇಜ್ (ಕಾರ್ಮಿಕರನ್ನು ಗಣಿಗೆ ಇಳಿಸುವ ಲಿಫ್ಟ್) ಎರಡು ಪಿಕ್ಸೆಲ್ ಇಳಿಯಲಿ’ ಎಂದು ಬರೆದರೆ, ಸೆಕೆಂಡಿಗೆ 60 ಸುತ್ತು ಹೊಡೆಯುವ ಹೊಸ ಕಂಪ್ಯೂಟರ್‌ನಲ್ಲಿ ಕೇಜ್ 120 ಪಿಕ್ಸೆಲ್ ಇಳಿಯುತ್ತದೆ, 30 ಸುತ್ತಿನ ಹಳೆಯದರಲ್ಲಿ 60 ಮಾತ್ರ. ಒಂದೇ ಆಟ, ಎರಡು ವೇಗ. ಸೆಕೆಂಡಿಗೆ ಎಷ್ಟು ವೇಗ ಎಂದು ಬರೆದು, ಹಿಂದಿನ ಸುತ್ತಿನಿಂದ ಕಳೆದ ಸಮಯದಿಂದ ಗುಣಿಸಿದರೆ ಎರಡೂ ಕಡೆ ಸಮ. ಹಳೆಯ ಯಂತ್ರ ಇದ್ದವನಿಗೆ ಈ ದೋಷ ಮೊದಲ ವಾರವೇ ಕಣ್ಣಿಗೆ ಬೀಳುತ್ತದೆ.

ಇಂಗ್ಲಿಷ್ ಬಾರದಿದ್ದರೆ? ಕೋಡ್‌ನ ಪದಗಳು ಇಂಗ್ಲಿಷ್‌ನವೇ, ಆದರೆ ಶುರುವಿಗೆ ಬೇಕಾದವು ಎರಡು ಡಜನ್ ದಾಟುವುದಿಲ್ಲ. ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆದುಕೊಳ್ಳಬಹುದು. ನಿಜವಾದ ತೊಡಕು ಆಟದೊಳಗಿನ ಕನ್ನಡ. ಎಷ್ಟೋ ಹಳೆಯ ಸಾಧನಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಒಡೆದು ಕಾಣುತ್ತದೆ. 2023ರಲ್ಲಿ ಬಂದ ಗೋಡೋ 4ರಿಂದ ಈಚೆಗೆ ನಮ್ಮಂಥ ಲಿಪಿಗಳು ಸರಿಯಾಗಿ ಕೂಡಿಕೊಳ್ಳುತ್ತವೆ, ನೋಟೋ ಸಾನ್ಸ್ ಕನ್ನಡದಂಥ ಉಚಿತ ಫಾಂಟ್ ಹಾಕಿದರೆ ಆಯಿತು. ಆಟದ ಮಾತುಗಳನ್ನು ಕೋಡ್‌ನೊಳಗೆ ಚೆಲ್ಲದೆ ಬೇರೆ ಕೋಷ್ಟಕದಲ್ಲಿ ಇಡಿ. ತಮಿಳು, ತೆಲುಗು, ಕನ್ನಡ, ಉರ್ದು ಒಂದೇ ಬೀದಿಯಲ್ಲಿ ಕೇಳುವ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಂಥ ಕಡೆ ಒಂದು ಕಾಲಂ ಸೇರಿಸಿದರೆ ಆಟ ಇನ್ನೊಂದು ಮನೆಗೆ ಹೋಗುತ್ತದೆ. ಗಣಿತದ ಭಯಕ್ಕೆ ಉತ್ತರ ಚಿಕ್ಕದು: ಚೌಕದ ಆಟಕ್ಕೆ ಕೂಡು, ಕಳೆ, ಗುಣಿಸು ಸಾಕು, ತ್ರಿಕೋನಮಿತಿ ಬೇಕಾದಾಗ ಬರಲಿ.

ಮನೆಯವರ ಆಕ್ಷೇಪ ಇದಕ್ಕಿಂತ ಗಟ್ಟಿ. ಗೇಮ್ ಎಂದರೆ ಅವರಿಗೆ ನೆನಪಾಗುವುದು ಮೊಬೈಲ್ ರಮ್ಮಿ, ಸಾಲ, ಪೊಲೀಸ್ ಠಾಣೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಆಟ ಬರೆಯುವುದು ಆಟಕ್ಕೆ ಅಂಟಿಕೊಳ್ಳುವುದರ ತದ್ವಿರುದ್ಧ. ತನ್ನದೇ ಗೇಮ್‌ನ ಒಂದೇ ಮಟ್ಟವನ್ನು ನೂರು ಸಲ ಓಡಿಸಿ ತಪ್ಪು ಹುಡುಕುವವನಿಗೆ ಚಟ ಹತ್ತುವುದು ಕಷ್ಟ. ದುಡ್ಡಿನ ವಿಷಯದಲ್ಲಿ ನೇರವಾಗಿ ಹೇಳಿಬಿಡುವುದು ವಾಸಿ: ಹವ್ಯಾಸಿಗಳ ಗೇಮ್‌ಗಳಲ್ಲಿ ಬಹಳಷ್ಟಕ್ಕೆ ಕಾಸು ಹುಟ್ಟುವುದಿಲ್ಲ. ಎರಿಕ್ ಬರೋನ್ ಒಬ್ಬನೇ ನಾಲ್ಕು ವರ್ಷಕ್ಕೂ ಹೆಚ್ಚು ದುಡಿದು 2016ರಲ್ಲಿ ತಂದ ‘ಸ್ಟಾರ್‌ಡ್ಯೂ ವ್ಯಾಲಿ’ ಕೋಟಿಗಟ್ಟಲೆ ಗಳಿಸಿದ್ದನ್ನು ತೋರಿಸಿ ಕೆಲಸ ಬಿಡುವವರಿಗೆ ನನ್ನ ಬೆಂಬಲವಿಲ್ಲ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬಂಗಾರಪೇಟೆಯಲ್ಲಿ ಇಳಿಯುವವರು ಕೆಲಸ ಇಟ್ಟುಕೊಂಡೇ ಇದನ್ನು ಮಾಡಬೇಕು. ನಿಂತು ಪ್ರಯಾಣಿಸುವ ಬೋಗಿಯಲ್ಲಿ ಕೋಡ್ ಬರೆಯಲಾಗದು, ಆದರೆ ಸೀಟು ಸಿಕ್ಕ ದಿನ ಚೌಕುಳಿ ಹಾಳೆಯಲ್ಲಿ ಒಂದು ಮಟ್ಟದ ನಕ್ಷೆ ಮುಗಿಯುತ್ತದೆ.

ನನ್ನ ವಾದಕ್ಕೆ ಬರಬಹುದಾದ ಅತಿ ಗಂಭೀರ ಆಕ್ಷೇಪ ಬೇರೆ. ಏರ್‌ಬ್ಲಾಸ್ಟ್‌ಗೆ ಸಿಕ್ಕಿ ಜನ ಸತ್ತ, ಕಲ್ಲಿನ ದೂಳಿಗೆ ಪುಪ್ಪುಸ ಕೊಟ್ಟ ಊರಿನ ಗಣಿಯನ್ನು ಆಟದ ಸಾಮಾನು ಮಾಡುವುದೇ? ಪೋಲೆಂಡಿನ ಒಂದು ತಂಡ 2014ರಲ್ಲಿ ‘ದಿಸ್ ವಾರ್ ಆಫ್ ಮೈನ್’ ಎಂಬ ಗೇಮ್ ತಂದಿತು. ಅದರಲ್ಲಿ ಆಡುವವನು ಸೈನಿಕನಲ್ಲ, ಮುತ್ತಿಗೆಗೆ ಸಿಕ್ಕ ನಗರದಲ್ಲಿ ಅನ್ನ, ಔಷಧ ಹುಡುಕುವ ಸಾಮಾನ್ಯ ಮನುಷ್ಯ. 2020ರಲ್ಲಿ ಪೋಲೆಂಡ್ ಸರ್ಕಾರ ಅದನ್ನು ಶಾಲೆಗಳ ಓದಿನ ಪಟ್ಟಿಗೆ ಸೇರಿಸಲು ನಿರ್ಧರಿಸಿತು. ಸಾವು ಆಟದೊಳಗೆ ಬಂದದ್ದು ಅಲ್ಲಿ ತಪ್ಪಾಗಲಿಲ್ಲ, ಏಕೆಂದರೆ ನಿಯಮಗಳು ಅದಕ್ಕೆ ಬೆಲೆ ಕೊಟ್ಟಿದ್ದವು. ನಮ್ಮ ಹಾಳೆಯಲ್ಲೂ ಅಷ್ಟೇ. ಕಾರ್ಮಿಕ ಸತ್ತರೆ ಮೂರು ‘ಲೈಫ್’ನಲ್ಲಿ ಒಂದು ಕಳೆದು ಅವನು ಎದ್ದು ಬಂದರೆ ಅದು ಅಗೌರವ. ಅವನು ಬಾರದೆ, ಆಟ ಅವನಿಲ್ಲದೆ ಮುಂದುವರಿದು, ಉಳಿದವರ ಪಾಳಿ ಉದ್ದವಾದರೆ ಅದು ಲೆಕ್ಕ ಒಪ್ಪಿಸಿದಂತೆ. ಚಿನ್ನದ ಅಂಕವನ್ನಷ್ಟೇ ಮೇಲಿನ ಮೂಲೆಯಲ್ಲಿ ತೋರಿಸುವ ಆಟ ಹಳೆಯ ಕಂಪನಿಯ ಲೆಕ್ಕದ ಪುಸ್ತಕವನ್ನೇ ನಕಲು ಮಾಡಿದೆ ಎಂದು ನಾನಂತೂ ಹೇಳುತ್ತೇನೆ.

ಕೃತಕ ಬುದ್ಧಿಮತ್ತೆಯೇ ಕೋಡ್ ಬರೆದುಕೊಡುವಾಗ ಕಲಿಯುವುದೇಕೆ ಎನ್ನುವವರೂ ಇದ್ದಾರೆ. ಬರೆಸಿ, ಅಡ್ಡಿಯಿಲ್ಲ; ಗುಂಡು ಒಂದೇ ಏಟಿಗೆ ತಳ ಸೇರಿದಾಗ ಕಾರಣ ಅರ್ಥವಾಗುವಷ್ಟು ನಿಮಗೆ ಗೊತ್ತಿದ್ದರೆ ಸರಿ. ಗೋಡೆ ಕಟ್ಟಲು ಎಷ್ಟು ಪಾಳಿ ಹಿಡಿಯಬೇಕು ಎಂಬ ಪ್ರಶ್ನೆಗೆ ಯಂತ್ರ ಕೊಡುವುದು ಹೆಚ್ಚೆಂದರೆ ಒಂದು ಅಂದಾಜು. ಅದನ್ನು ಅಳೆದು ಹೇಳಬಲ್ಲವರು ಇನ್ನೂ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿದ್ದಾರೆ. ಗಣಿ ಮುಚ್ಚಿದಾಗ ಹರೆಯದಲ್ಲಿದ್ದವರಿಗೂ ಈಗ ವಯಸ್ಸಾಗುತ್ತಿದೆ. ಆದ್ದರಿಂದ ಗೇಮ್ ಅರ್ಧ ಮುಗಿದಾಗಲೇ, ಬಣ್ಣದ ಚೌಕಗಳೇ ಇರುವಾಗಲೇ, ಕೆಳಗಿಳಿದು ದುಡಿದ ಯಾರಾದರೊಬ್ಬರ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂರಿ, ವಿವರಿಸಲು ಹೋಗಬೇಡಿ. ‘ಇಷ್ಟು ಬೇಗ ಯಾರು ಗೋಡೆ ಕಟ್ತಾರೆ?’ ಎಂದೋ, ‘ಸಿಡಿಯೋಕೆ ಮುಂಚೆ ಕಲ್ಲು ಸದ್ದು ಮಾಡುತ್ತೆ, ನಿನ್ನ ಆಟದಲ್ಲಿ ಅದಿಲ್ಲ’ ಎಂದೋ ಅವರು ಹೇಳಿದರೆ ಅದನ್ನು ಬರೆದುಕೊಂಡು, ನಿಯಮ ತಿದ್ದಿ, ಮತ್ತೆ ಓಡಿಸಿ. ಆಮೇಲೆ ಇಚ್.ಐಓ ತಾಣದಲ್ಲಿ ಉಚಿತವಾಗಿ ಹಾಕಿದರೆ ಜಗತ್ತಿನಲ್ಲಿ ಯಾರು ಬೇಕಾದರೂ ಆಡಬಹುದು. ಸ್ಟೀಮ್‌ನಲ್ಲಿ ಇಡಲು ಒಂದು ಗೇಮ್‌ಗೆ 100 ಡಾಲರ್ ಕೇಳುತ್ತಾರೆ. ಮೊದಲ ಆಟಕ್ಕೆ ಆ ಖರ್ಚು ಬೇಡ.